ಮೇಜಿನ ನಾಲ್ಕನೆಯ ಕಾಲು

ಹೋಟೆಲಿನಲ್ಲಿ ಕುಂಟುವ ಮೇಜಿನ ಕಾಲಡಿಗೆ ಬಸ್ಸಿನ ಟಿಕೀಟನ್ನು ಮಡಿಸಿ ತುರುಕದವರು ಕೇಳುಗರಲ್ಲಿ ವಿರಳವೆಂದೇ ನನ್ನ ಭಾವನೆ. ಹಾಗೆ ತುರುಕಿದ ಕೂಡಲೆ ತೊಂದರೆ ತೀರಿತೆಂದು ತಿಳಿಯುತ್ತೇವೆ. ಕಾಫಿಯ ಮಟ್ಟಿಗೆ ಅದು ನಿಜ. ಮರಗೆಲಸದ ಮಟ್ಟಿಗೆ ನಿಜವಲ್ಲವೆಂಬುದನ್ನು ನಾನು ತಕ್ಕ ಬೆಲೆ ತೆತ್ತು ಕಲಿತೆ.

ನಿವೃತ್ತನಾದ ಮೇಲೆ ನನಗೆ ಮರಗೆಲಸದ ಹುಚ್ಚು ಹತ್ತಿತು. ಜಾಗವೆಂದರೆ ಮನೆಯ ಕಾರುಷೆಡ್ಡೊಂದೇ. ರಾತ್ರಿ ಕಾರು ಒಳಗೆ ಬರಲೇಬೇಕಾದ್ದರಿಂದ ಆರಡಿ ಉದ್ದದ ಕೆಲಸದ ಮೇಜಿಗೆ ನಾಲ್ಕು ಗಾಲಿ ಹಾಕಿಸಿದೆ. ಇಂಥ ಷೆಡ್ಡಿನ ನೆಲವನ್ನು, ನೀರು ಹೊರಕ್ಕೆ ಹರಿಯಲೆಂದು, ಬಾಗಿಲ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ನೂರಕ್ಕೆ ಒಂದರಷ್ಟು ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಆರಡಿಯ ಮೇಜಿನ ಎರಡು ತುದಿಗಳ ನಡುವೆ ಅದು ಸುಮಾರು ಮುಕ್ಕಾಲು ಅಂಗುಲದ ವ್ಯತ್ಯಾಸ. ಜೊತೆಗೆ ಮೇಸ್ತ್ರಿಯ ಕರಣೆ ತಡೆದಲ್ಲಿ ಒಂದಿಷ್ಟು ಉಬ್ಬು, ಜಾರಿದಲ್ಲಿ ಒಂದಿಷ್ಟು ತಗ್ಗು.

ಆ ಮೇಜಿನ ಮೇಲೆ ಪುಸ್ತಕದ ಬೀರುವಿನ ಬಾಗಿಲಿಗೆಂದು ಚೌಕಟ್ಟೊಂದನ್ನು ಅಂಟು ಹಚ್ಚಿ ಜೋಡಿಸಿ, ಮೇಜಿಗೇ ಬಿಗಿದು, ಬೆಳಗಿನವರೆಗೆ ಬಿಟ್ಟೆ. ಬಿಚ್ಚಿ ನೋಡಿದರೆ ಚೌಕಟ್ಟು ಸುಟ್ಟ ಹಪ್ಪಳದಂತೆ ತಿರುಚಿಕೊಂಡಿತ್ತು. ಮರ ಹಸಿಯೆಂದು ತೀರ್ಮಾನಿಸಿ, ಅದನ್ನು ಕೊಯ್ದು ಕೀಸಿಕೊಟ್ಟಿದ್ದ ಹಿರಿಯ ಬಡಗಿಯವರನ್ನು ಕರೆಸಿ ಆಡಬಾರದ ಮಾತನ್ನಾಡಿದೆ. ಅವರು ಎದುರಾಡಲಿಲ್ಲ. ಸಮ ಅಗಲದ ಎರಡು ನೇರ ಪಟ್ಟಿಗಳನ್ನು ಮೇಜಿನ ಎರಡು ತುದಿಗಳಲ್ಲಿ ಅಡ್ಡಲಾಗಿ ನಿಲ್ಲಿಸಿ, "ಸ್ವಾಮೀ, ಬಗ್ಗಿ ಇಲ್ಲಿಂದ ನೋಡಿ" ಎಂದರು. ಹತ್ತಿರದ ಪಟ್ಟಿಯ ಮೇಲಂಚಿನಿಂದ ದೂರದ್ದನ್ನು ನೋಡಿದೆ. ಎಡಗಡೆ ಎರಡೂ ಕೂಡಿಕೊಂಡಿದ್ದವು; ಬಲಗಡೆ ದೂರದ ಪಟ್ಟಿ ಕಾಲಂಗುಲ ಮೇಲೆದ್ದಿತ್ತು. ತಪ್ಪು ಮರದ್ದಲ್ಲ, ಮೇಜಿನದು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಮೇಜು ಒಟ್ಟಾಗಿ ಒಂದು ಕಡೆಗೆ ಓರೆಯಾಗಿದ್ದರೆ ಪೆನ್ಸಿಲ್ಲು ಉರುಳೀತೇ ಹೊರತು ಚೌಕಟ್ಟು ಕೆಡುವುದಿಲ್ಲ. ಕೆಡಿಸುವುದು ತಿರುಚು. ಮೂರು ಬಿಂದುಗಳು ಯಾವ ನೆಲದ ಮೇಲಾದರೂ ಒಂದು ಸಮತಲವನ್ನು ನಿಶ್ಚಯಿಸುತ್ತವೆ. ಮುಕ್ಕಾಲುಮಣೆ ಕುಂಟದಿರುವುದು ಅದರಿಂದಲೇ. ನಾಲ್ಕನೆಯ ಕಾಲಿಗೆ ಆ ಸಮತಲದಲ್ಲಿ ನೆಲ ಸಿಕ್ಕೀತೆಂಬ ಭರವಸೆಯಿಲ್ಲ. ಬಿಗಿಯಾದ ಹಗುರ ಮೇಜು ಆಗ ಕುಂಟಿ ತನ್ನ ದೋಷವನ್ನು ತಾನೇ ಹೇಳುತ್ತದೆ. ಭಾರವಾದ, ಕೀಲು ಸಡಿಲಾದ ಮೇಜು ಮಾತ್ರ ತನ್ನ ತೂಕದಿಂದಲೇ ಬಾಗಿ ನಾಲ್ಕು ಕಾಲನ್ನೂ ಊರಿಬಿಡುತ್ತದೆ. ಕುಂಟುವುದಿಲ್ಲವಲ್ಲ ಎಂದು ನಾವು ನಂಬುತ್ತೇವೆ.

ಗಣಿತಜ್ಞರು ಇದಕ್ಕೊಂದು ಸೊಗಸಾದ ಉಪಾಯ ಹೇಳುತ್ತಾರೆ. ಮಾರ್ಟಿನ್ ಗಾರ್ಡ್ನರ್ 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಅದನ್ನು ಪ್ರಸ್ತಾಪಿಸಿದ್ದರು. ಕಾಲುಗಳು ಸಮನಾಗಿರುವ ಚೌಕ ಮೇಜನ್ನು, ಮೆಟ್ಟಿಲಿನಂಥ ಏರಿಳಿತವಿಲ್ಲದ ನೆಲದ ಮೇಲೆ, ನಿಂತಲ್ಲೇ ತಿರುಗಿಸಿ. ಕಾಲು ಸುತ್ತಿನೊಳಗೆ ಎಲ್ಲಿಯೋ ಒಂದೆಡೆ ನಾಲ್ಕೂ ಕಾಲು ನೆಲ ಮುಟ್ಟುತ್ತವೆ. ಕಾಲು ಸುತ್ತು ಮುಗಿದಾಗ ಎರಡು ಕರ್ಣಗಳ ಕಾಲುಗಳು ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ಒಂದು ಜೋಡಿಯ ಕೊರತೆ ಇನ್ನೊಂದರ ಪಾಲಾಗುವಾಗ ನಡುವೆ ಒಮ್ಮೆ ಸೊನ್ನೆಯನ್ನು ಹಾಯಲೇಬೇಕು. ಹೋಟೆಲಿನಲ್ಲಿ ಇದನ್ನು ಪ್ರಯೋಗಿಸಿ ನಾನು ಸುಖಪಟ್ಟಿದ್ದೇನೆ. ಆದರೆ ಹಾಗೆ ನಿಂತ ಮೇಜು ಕುಂಟದೆಯೂ ಓರೆಯಾಗಿರಬಹುದು. ಮೇಲಾಗಿ ನನ್ನ ಷೆಡ್ಡಿನಲ್ಲಿ ಆರಡಿಯ ಮೇಜನ್ನು ತಿರುಗಿಸಲು ಎಡೆಯಿಲ್ಲ.

ಕೊನೆಗೆ ಬಡಗಿಯವರ ದಾರಿಯನ್ನೇ ಹಿಡಿದೆ. ಗಾಲಿಗಳಿರುವುದು ಪಯಣಕ್ಕೆ ಮಾತ್ರ. ಕೆಲಸದ ಹೊತ್ತಿನಲ್ಲಿ ಅವನ್ನು ಮೇಲೆತ್ತಿ ಭಾರವನ್ನು ಕಾಲುಗಳಿಗೆ ಒಪ್ಪಿಸಬೇಕು. ಬಾಗಿಲ ಕಡೆಯ ಎರಡು ಕಾಲುಗಳಡಿಗೆ ಒಂದೇ ದಪ್ಪದ ಹಲಗೆತುಂಡು ಕೊಟ್ಟು ರಸಮಟ್ಟವಿಟ್ಟು ನೋಡಿದೆ. ರಸಮಟ್ಟವನ್ನೂ ಕುರುಡಾಗಿ ನಂಬಬಾರದು: ತುದಿ ಬದಲಿಸಿ ಅಲ್ಲಿಯೇ ಇಟ್ಟಾಗ ಗುಳ್ಳೆ ಮೊದಲಿದ್ದ ಕಡೆಗೇ ನಿಲ್ಲದಿದ್ದರೆ ದೋಷ ಅದರಲ್ಲೇ ಇದೆ. ಆಮೇಲೆ ಮತ್ತೆ ಪಟ್ಟಿಗಳನ್ನು ನಿಲ್ಲಿಸಿ, ಒಂದು ಕಾಲಿಗೆ ಕೂರಿಸಿದ ಬೋಲ್ಟನ್ನು ಮಾತ್ರ, ಎರಡು ಅಂಚುಗಳೂ ಒಂದಾಗುವವರೆಗೆ ತಿರುಗಿಸಿದೆ. ಒಂದು ಗೇಣು ಆಚೆಗೆ ಸರಿದರೂ ನೆಲ ಬೇರೆಯೇ ಆದ್ದರಿಂದ ಕಾಲು ನಿಂತ ಜಾಗಕ್ಕೆ ಬಣ್ಣದ ಗುರುತು ಹಾಕಿದೆ.

ಕ್ಷಮೆ ಕೇಳಲೆಂದು ಬಡಗಿಯವರ ಮನೆಗೆ ಹೋದಾಗ ಅವರು ನನ್ನ ಮಾತನ್ನು ಅರ್ಧಕ್ಕೇ ತಡೆದು, "ಗುರುತು ನಾಲ್ಕು ಕಾಲಿಗೂ ಹಾಕಿದ್ದೀರಾ ಸ್ವಾಮೀ?" ಎಂದು ಕೇಳಿದರು. ಎರಡಕ್ಕೆ ಮಾತ್ರ ಹಾಕಿದ್ದೆ. ಆ ಸಂಜೆಯೇ ಉಳಿದೆರಡಕ್ಕೂ ಹಾಕಿದೆ.