ಹಳೆ ಕಾರಿನ ಆಯಿಲ್: ಮೊದಲು ಮ್ಯಾನ್ಯುಯಲ್ ಓದಿ

ಮಗಳು ಕಾಲೇಜಿಗೆ ಓಡಾಡಲೆಂದು ಕಳೆದ ವರ್ಷ 96,000 ಮೈಲಿ ಓಡಿದ್ದ 2014ರ ಕೊರೊಲ್ಲಾ ಕೊಂಡೆ. ಇಲ್ಲೇ ರೆಡ್‌ವುಡ್ ಸಿಟಿಯ ಗ್ಯಾರೇಜೊಂದರಲ್ಲಿ, "ಹಳೆ ಎಂಜಿನ್, ದಪ್ಪ ಆಯಿಲ್ ಹಾಕೋಣ, ಜೊತೆಗೆ ಫ್ಲಶ್" ಎಂದು 240 ಡಾಲರ್ ಹೇಳಿದರು. ಊರಲ್ಲಿ ಅಪ್ಪ ಮಾರುತಿ 800ಕ್ಕೆ 20ಡಬ್ಲ್ಯೂ-40 ಹಾಕಿಸುತ್ತಿದ್ದ ನೆನಪು; ನನಗೂ ಸರಿ ಎನಿಸಿತು.

ಆದರೆ ಷೇರು ಕೊಳ್ಳುವ ಮುಂಚೆ ವಾರ್ಷಿಕ ವರದಿ ಓದುವ ನಾನು ಕಾರಿನ ಮ್ಯಾನ್ಯುಯಲ್ ತೆರೆದೇ ಇರಲಿಲ್ಲ! ಅದರಲ್ಲಿದ್ದದ್ದು 0ಡಬ್ಲ್ಯೂ-20. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಬಗೆ, ಎರಡನೆಯದು ಬಿಸಿ ಎಂಜಿನ್‌ನಲ್ಲಿ ಅದರ ದಪ್ಪ. ಎಂಜಿನ್‌ನ ಸಂದುಗಳನ್ನು ಆ ಅಂಕಿಗೆ ತಕ್ಕಂತೆಯೇ ಮಾಡಿರುತ್ತಾರೆ.

ಡಿಪ್‌ಸ್ಟಿಕ್ ಎಳೆದಾಗ ನಿಜವಾದ ಅಪಾಯ ಕಂಡಿತು: ಆಯಿಲ್ ಕೆಳಗಿನ ಗುರುತಿಗಿಂತ ಕೆಳಗಿತ್ತು. ಹಾಗೇ ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು.

ನಾನು ಪಾಲಿಸುವುದು ಇಷ್ಟು:

1. ಮ್ಯಾನ್ಯುಯಲ್ ಹೇಳಿದ ಗ್ರೇಡ್; ಡಬ್ಬದ ಮೇಲೆ ಎಪಿಐ ಗುರುತು. ಬ್ರ್ಯಾಂಡ್ ಆಮೇಲೆ.
2. 75,000 ಮೈಲಿ ದಾಟಿದ್ದರೆ ಅದೇ ಗ್ರೇಡಿನ 'ಹೈ ಮೈಲೇಜ್' ಆಯಿಲ್ ಹಾಕಬಹುದು. ಹಳೆ ಸೀಲ್‌ಗಳಿಗೆ ಒಳ್ಳೆಯದು.
3. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡುವುದು.

ಐದು ಕ್ವಾರ್ಟ್ ಆಯಿಲ್, ಫಿಲ್ಟರ್ ಸೇರಿ ನನಗೆ ತಗುಲಿದ್ದು 38 ಡಾಲರ್. ಉಳಿದ 202 ಡಾಲರ್ ಮಗಳ ಇಂಡೆಕ್ಸ್ ಫಂಡಿಗೆ ಹೋಯಿತು.