ಬಾಯಾಡಿಸಿದರೆ ಸಾಲದು

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಸಮೂಹಗಾನಕ್ಕೆ ‘ಒಳ್ಳೆಯ ಕಂಠ’ಗಳ ಹುಡುಕಾಟ ಶುರು. ಶ್ರುತಿ ತಪ್ಪುವ ಮಗುವಿಗೆ ಮೇಷ್ಟ್ರ ಅಪ್ಪಣೆ: ‘ನೀನು ಸುಮ್ಮನೆ ಬಾಯಾಡಿಸು.’ ಆ ಒಂದು ಮಾತಿಗೆ ಹಾಡುವುದನ್ನೇ ಬಿಟ್ಟವರು ಎಷ್ಟೋ ಮಂದಿ.

ಬಹಳ ಸಲ ತಪ್ಪಿರುವುದು ಶ್ರುತಿಯ ಆಯ್ಕೆಯಲ್ಲಿ. ಮೇಷ್ಟ್ರು ತಮ್ಮ ದನಿಗೆ ಹೊಂದುವಂತೆ ಹಾರ್ಮೋನಿಯಂ ಹಿಡಿದರೆ ಮಕ್ಕಳಿಗೆ ಅದು ತೀರ ತಗ್ಗು. ಎಳೆಯ ದನಿಗೆ ಎಟುಕುವ ಶ್ರುತಿ ಇಟ್ಟರೆ ಎಷ್ಟೋ ಅಪಸ್ವರ ತಾನಾಗಿ ಮಾಯವಾಗುತ್ತದೆ. ಪ್ರೌಢಶಾಲೆಯಲ್ಲಿ ದನಿ ಒಡೆಯುವ ಹುಡುಗರಿಗೆ ಒಂದು ಸ್ಥಾಯಿ ಕೆಳಗೆ ಹಾಡಲು ಬಿಡಬೇಕು. ನೋಡಿ ನಗುವವರನ್ನು ತಡೆಯಬೇಕು.

ಅಭ್ಯಾಸಕ್ಕೆ ದುಬಾರಿ ವಾದ್ಯ ಬೇಡ, ಬೆಳಗಿನ ಪ್ರಾರ್ಥನೆಯ ನಾಡಗೀತೆಯೇ ಸಾಕು. 2004ರಲ್ಲಿ ನಾಡಗೀತೆಯಾದ ಕುವೆಂಪು ರಚನೆಗೆ ಬೇರೆ ಬೇರೆ ಧಾಟಿಗಳಿದ್ದವು. 2022ರಲ್ಲಿ ರಾಜ್ಯ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಪಡಿಸಿತು. ಧಾಟಿ ಒಂದೇ ಆದ ಮೇಲೆ ಇಡೀ ಶಾಲೆಯೇ ಒಂದು ಮೇಳ.

ಶ್ರುತಿ ಬಲ್ಲ ಮಗುವಿನ ಪಕ್ಕ ಅಳುಕುವ ಮಗುವನ್ನು ನಿಲ್ಲಿಸಿ. ಒಂದು ಸಾಲಿನವರು ಹಾಡುವಾಗ ಉಳಿದವರು ಕಿವಿಗೊಡಲಿ. ಪಕ್ಕದ ದನಿಯನ್ನು ಕೇಳಿಸಿಕೊಳ್ಳಲು ಕಲಿತ ಮಗು ತನ್ನ ದನಿಯನ್ನು ತಾನೇ ತಿದ್ದಿಕೊಳ್ಳುತ್ತದೆ. ಮನೆಯಲ್ಲಿ ಅಪ್ಪ-ಅಮ್ಮನೂ ‘ಬಹುಮಾನ ಬಂತೇ?’ ಎಂದು ಕೇಳುವ ಮೊದಲು ‘ಎಲ್ಲರೂ ಹಾಡಿದಿರಾ?’ ಎಂದು ಕೇಳಲಿ.