ಎರಡು ಕಣ್ಣಿನ ಮದುವೆ ಚಿತ್ರ

ತಪಸ್ಸುಕಾಲ ಕಳೆದು ಪಾಸ್ಖ ಹಬ್ಬ ಮುಗಿದೊಡನೆ ನಮ್ಮ ದೇವಾಲಯಗಳಲ್ಲಿ ಮದುವೆಗಳ ಸಾಲು ತೊಡಗುತ್ತದೆ. ಗೊತ್ತುಮಾಡಿದ ಛಾಯಾಗ್ರಾಹಕರು ಬಲಿಪೀಠದ ಸುತ್ತ ಸುಳಿದಾಡುವುದನ್ನು ನಾವು ಬಹುಕಾಲದಿಂದ ಸಹಿಸಿಕೊಂಡು ಬಂದಿದ್ದೇವೆ. ಆದಕಾರಣ, ಒಂದು ವಿವಾಹದ ಮುನ್ನಾದಿನ ವಧುವಿನ ಸೋದರಮಾವನವರು ಎರಡು ಮಸೂರಗಳ ಕ್ಯಾಮರಾ ಹಿಡಿದು ಅನುಮತಿ ಬೇಡಲು ಬಂದಾಗ, “ಒಬ್ಬರು ಸಾಲದೆಂದು ಇನ್ನೊಬ್ಬರೇ?” ಎಂದು ಕೇಳಿಯೇಬಿಟ್ಟೆವು.

ಅವರು ಬೇಸರಿಸದೆ ವಿವರಿಸಿದರು. ಮನುಷ್ಯನ ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರವಿದೆ. ಒಂದೊಂದು ಕಣ್ಣೂ ತುಸು ಬೇರೆಯಾದ ನೋಟವನ್ನು ಕಾಣುತ್ತದೆ. ಅವೆರಡೂ ಕೂಡಿದಾಗ ಆಳ ತೋರುತ್ತದೆ. ಇದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಕನ್ನಡಿಗಳ ಸಾಧನವೊಂದರಿಂದ ತೋರಿಸಿಕೊಟ್ಟರು. ದೂರವೆಂಬುದು ಕಣ್ಣಿಗೆ ನೇರವಾಗಿ ಕಾಣುವುದಿಲ್ಲ, ಅನುಭವದಿಂದ ಕಲಿತದ್ದೆಂದು ಬರ್ಕ್ಲಿ 1709ರಲ್ಲಿ ವಾದಿಸಿದ್ದನ್ನು ಗುರುಮಠದಲ್ಲಿ ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದು ಮದುವೆ ಮನೆಯಲ್ಲಿ ಎದುರಾದೀತೆಂದು ಎಣಿಸಿರಲಿಲ್ಲ.

ಅವರ ಕ್ಯಾಮರಾ ಫ್ಯೂಜಿಫಿಲ್ಮ್ ಕಂಪನಿ 2010ರಲ್ಲಿ ಹೊರತಂದು ಬಳಿಕ ನಿಲ್ಲಿಸಿದ ಮಾದರಿ. ಮೊದಲು ಅವರು ಒಂದೇ ಮಸೂರದ ಕ್ಯಾಮರಾದಿಂದ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, ಎರಡು ಚಿತ್ರ ತೆಗೆಯುತ್ತಿದ್ದರಂತೆ. ಕಲ್ಲಿನ ಪ್ರತಿಮೆಗೆ ಅದು ಸಾಕು. ಮದುಮಗಳ ಮುಸುಕು ಗಾಳಿಗೆ ಅಲುಗಿದರೂ ಕೆಟ್ಟಿತು. ಇನ್ನೊಂದು ನಿಯಮವಿದೆ: ಅತಿ ಸಮೀಪದ ವಸ್ತು ಮಸೂರಗಳ ನಡುವಿನ ಅಂತರದ ಸುಮಾರು 30 ಪಟ್ಟು ದೂರದಲ್ಲಿರಬೇಕು, ಇಲ್ಲವಾದರೆ ನೋಡುವವರ ಕಣ್ಣು ನೋಯುತ್ತದೆ. ಅಂದರೆ ಏಳು ಅಡಿಗಿಂತ ಹತ್ತಿರ ಬರುವಂತಿಲ್ಲ. ಈ ನಿಯಮ ಎಲ್ಲ ಕ್ಯಾಮರಾಗಳಿಗೂ ಇರಬಾರದಿತ್ತೇ!

ಗೊತ್ತುಮಾಡಿದ ಛಾಯಾಗ್ರಾಹಕನಿಗೆ ಇದು ಹೊಟ್ಟೆಪಾಡು. ಅದನ್ನರಿತ ಮಾವನವರು ಮೊದಲೇ ಆತನೊಡನೆ ಮಾತನಾಡಿ, ಫ್ಲಾಷ್ ಹಾಕುವುದಿಲ್ಲ, ಆತ ನಿಲ್ಲಿಸಿದ ಗುಂಪನ್ನು ತೆಗೆಯುವುದಿಲ್ಲ ಎಂದು ಒಪ್ಪಿಕೊಂಡಿದ್ದರು. ಸಾಲಾಗಿ ನಿಂತವರು ಆಳದ ಚಿತ್ರದಲ್ಲಿ ರಟ್ಟಿನ ಗೊಂಬೆಗಳಂತೆ ಕಾಣುತ್ತಾರೆಂದು ನಮಗೆ ಗುಟ್ಟಾಗಿ ಹೇಳಿದರು. ಪೂಜೆಯುದ್ದಕ್ಕೂ ಪಕ್ಕದ ಕಂಬದ ಬಳಿಯಿಂದ ಕದಲಲಿಲ್ಲ. ಅವರ ಒಂದು ಚಿತ್ರದಲ್ಲಿ ಆ ಛಾಯಾಗ್ರಾಹಕನೂ ಮಂಡಿಯೂರಿದ್ದಾನೆ. ಆತನ ಚಿತ್ರವನ್ನು ಬೇರಾರು ತೆಗೆಯುತ್ತಾರೆ?

ಎಂಟು ತಿಂಗಳಲ್ಲಿ ವಧುವಿನ ತಂದೆ ತೀರಿಕೊಂಡರು. ತಿಂಗಳ ಪ್ರಾರ್ಥನೆಗೆ ನಾವು ಆ ಮನೆಗೆ ಹೋದ ದಿನ ಮಾವನವರು ಏಳಿಂಚು ಅಗಲದ ರಟ್ಟುಗಳ ಮೇಲೆ ಜೋಡಿ ಚಿತ್ರಗಳನ್ನು ಅಂಟಿಸಿ ತಂದಿದ್ದರು. ಜೊತೆಗೆ, ಬಾಸ್ಟನ್ನಿನ ವೈದ್ಯ ಹಾಗೂ ಸಾಹಿತಿ ಆಲಿವರ್ ವೆಂಡೆಲ್ ಹೋಮ್ಸ್ 1861ರಲ್ಲಿ ರೂಪಿಸಿ ಹಕ್ಕುಸ್ವಾಮ್ಯ ಪಡೆಯದೆ ಬಿಟ್ಟುಕೊಟ್ಟ ಬಗೆಯ ಮರದ ವೀಕ್ಷಣ ಸಾಧನ.

ಮಗಳ ಕೈಯನ್ನು ವರನಿಗೊಪ್ಪಿಸಿದ ಮರುಕ್ಷಣದ ಚಿತ್ರವದು. ಆಲ್ಬಮ್ಮಿನಲ್ಲಿ ಅದೇ ಕ್ಷಣ ನೋಡಿದರೆ ತಂದೆ ಮಗಳ ಭುಜಕ್ಕೆ ಅಂಟಿಕೊಂಡೇ ನಿಂತಂತಿದೆ. ಸಾಧನದೊಳಗೆ ಇಣುಕಿದರೆ ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು, ಬೆಂಚಿನ ಅಂಚನ್ನು ಹಿಡಿದು, ಒಬ್ಬರೇ ಇದ್ದಾರೆ. ಅವರಿಗೂ ಮಗಳಿಗೂ ನಡುವೆ ಬರಿಯ ನೆಲ.

ತಾಯಿ ಬಹಳ ಹೊತ್ತು ನೋಡಿದರು. “ಅಷ್ಟು ಹಿಂದೆ ನಿಂತಿದ್ದರೇ? ನಾನು ಆ ಕಡೆ ತಿರುಗಿಯೂ ನೋಡಲಿಲ್ಲವಲ್ಲ, ಸ್ವಾಮಿ,” ಎಂದರು. ಅತ್ತಲೇ ಮುಖಮಾಡಿ ನಿಂತಿದ್ದವರು ನಾವು. ನಾವೂ ನೋಡಿರಲಿಲ್ಲ.

ಸಾಧನವನ್ನು ಮರಳಿ ಕೇಳಲು ಮಾವನವರಿಗೆ ಮನಸ್ಸಾಗಲಿಲ್ಲ. ಅದು ಆ ಮನೆಯಲ್ಲಿ ಪವಿತ್ರ ಹೃದಯದ ಪಟದ ಕೆಳಗಿನ ಹಲಗೆಯ ಮೇಲಿದೆ.